ನಿಲ್ಲಿಸಿದ ಕಾರಿನ ವೈರಿಂಗನ್ನು ಇಲಿ ಎರಡನೇ ಸಲ ಕಡಿದಿದೆ, ಏನು ಮಾಡಬೇಕು?

ಪ್ರಶ್ನೆ, ಡೊಂಬಿವಲಿ ಪೂರ್ವದಿಂದ

ನಮಸ್ಕಾರ. ನಾನು ಕೆಲಸಕ್ಕೆ ಲೋಕಲ್ ರೈಲಿನಲ್ಲೇ ಹೋಗಿಬರುವವನಾದ್ದರಿಂದ, ನನ್ನ ಎಂಟು ವರ್ಷ ಹಳೆಯ ಪೆಟ್ರೋಲ್ ಕಾರು ವಾರದ ಐದು ದಿನ ನಮ್ಮ ಸೊಸೈಟಿಯ ಸ್ಟಿಲ್ಟ್ ಪಾರ್ಕಿಂಗ್‌ನಲ್ಲಿ (ಕಟ್ಟಡದ ಕೆಳಗೆ ಕಂಬಗಳ ನಡುವಿನ ಜಾಗ) ನಿಂತೇ ಇರುತ್ತದೆ. ಮೇ ತಿಂಗಳಲ್ಲಿ ಮಕ್ಕಳ ರಜೆಗೆಂದು ಕುಂದಾಪುರಕ್ಕೆ ಹೋಗಿ ಇಪ್ಪತ್ತಾರು ದಿನಗಳ ನಂತರ ಮರಳಿದಾಗ ಕಾರು ಸ್ಟಾರ್ಟ್ ಆಯಿತಾದರೂ ಇಂಜಿನ್ ನಡುಗುತ್ತಿತ್ತು, ಚೆಕ್ ಇಂಜಿನ್ ದೀಪವೂ ಆರಲಿಲ್ಲ. ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದಾಗ ಪಿ0203 ಎಂಬ ಕೋಡ್ ಬಂತು. ಮೂರನೇ ಸಿಲಿಂಡರಿನ ಇಂಜೆಕ್ಟರಿಗೆ ಹೋಗುವ ವೈರನ್ನು ಇಲಿ ಕತ್ತರಿಸಿತ್ತು. ಅದನ್ನು ಸರಿಪಡಿಸಿದ ಮೇಲೆ ಯಾರೋ ಹೇಳಿದರೆಂದು ಬಾನೆಟ್‌ನೊಳಗೆ ನುಸಿಗುಳಿಗೆಯ ಪೊಟ್ಟಣವನ್ನೂ ಹೊಗೆಸೊಪ್ಪನ್ನೂ ಕಟ್ಟಿದೆ.

ಈಗ, ಜುಲೈ ಕೊನೆಯಲ್ಲಿ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತಿಕೊಂಡಿದೆ. ಎಡಗಡೆಯ ಮುಂಚಕ್ರದ ಸೆನ್ಸರ್ ವೈರ್ ಕಡಿದಿದೆ, ಗಾಜು ತೊಳೆಯುವ ನೀರಿನ ಪೈಪು ತುಂಡಾಗಿದೆ, ಬಾನೆಟ್‌ನ ಒಳಮೈಯ ಹೊದಿಕೆಯಿಂದ ಹತ್ತಿಯಂಥದ್ದನ್ನು ಕಿತ್ತು ಏರ್ ಫಿಲ್ಟರ್ ಡಬ್ಬಿಯ ಪಕ್ಕದಲ್ಲಿ ಗೂಡು ಮಾಡಲಾಗಿದೆ. ಬ್ಯಾಟರಿಯ ಮೇಲೆ ಅರ್ಧ ತಿಂದ ಚಪಾತಿಯ ಚೂರು, ಒಂದು ಹಿಡಿಯಷ್ಟು ಜೋಳದ ಕಾಳು, ಹಿಕ್ಕೆ. ಹೊಗೆಸೊಪ್ಪು ಕಟ್ಟಿದ ಜಾಗದಿಂದ ಆ ಗೂಡಿಗೆ ಒಂದು ಗೇಣಿನ ಅಂತರವೂ ಇರಲಿಲ್ಲ. ನಮ್ಮ ಕಿವಿಗೆ ಕೇಳದ ಶಬ್ದದಿಂದ ಇಲಿ ಓಡಿಸುತ್ತದೆನ್ನುವ ಅಲ್ಟ್ರಾಸಾನಿಕ್ ಯಂತ್ರ ತರಲೇ, ವಿಷ ಇಡಲೇ, ವಿಮೆಯಿಂದ ಏನಾದರೂ ಸಿಗುತ್ತದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ, ಮುಲುಂಡ್‌ನಿಂದ

ನಾನು ವಾಹನಗಳ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಮಳೆಗಾಲ ಹಿಡಿದ ಕೂಡಲೇ ಇಂಥ ಕಾರುಗಳು ನನ್ನ ಬಳಿ ಸಾಲುಗಟ್ಟುತ್ತವೆ, ಏಕೆಂದರೆ ಗಟಾರದಲ್ಲೂ ಬಿಲದಲ್ಲೂ ನೀರು ತುಂಬಿದಾಗ ಇಲಿ, ಹೆಗ್ಗಣಗಳು ಒಣಗಿದ, ಎತ್ತರದ, ಕತ್ತಲೆಯ ಜಾಗವನ್ನು ಹುಡುಕಿಕೊಂಡು ಬರುತ್ತವೆ, ಮತ್ತು ಸ್ಟಿಲ್ಟ್‌ನಲ್ಲಿ ನಿಂತ ಕಾರಿನ ಬಾನೆಟ್ ಈ ಮೂರೂ ಗುಣಗಳಿರುವ ಜಾಗ. ಇಲಿಯ ಬಾಚಿಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಅವನ್ನು ಸವೆಸಿಕೊಳ್ಳಲು ಅದು ಏನನ್ನಾದರೂ ಕಡಿಯುತ್ತಿರಲೇಬೇಕು. ಹಲ್ಲಿಗೆ ಹಿತವಾಗುವಷ್ಟು ಗಟ್ಟಿ, ಕತ್ತರಿಸಲಾಗುವಷ್ಟು ಮೆದು ಇರುವ ವೈರಿನ ಹೊದಿಕೆ ಅದಕ್ಕೆ ಸುಲಭವಾಗಿ ಸಿಗುತ್ತದೆ. ಹೊಟ್ಟೆ ತುಂಬಿದ ಇಲಿಯೂ ವೈರ್ ಕಡಿಯುತ್ತದೆ ಎಂಬುದನ್ನು ಮೊದಲು ಗಮನದಲ್ಲಿಡಿ.

ನಿಮ್ಮ ವಿವರಣೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಆ ಜೋಳದ ಕಾಳು. ಅಷ್ಟು ಕಾಳು ಒಂದೇ ಕಡೆ ಸೇರಿದೆಯೆಂದರೆ ಹತ್ತಿರದಲ್ಲೇ ಯಾರೋ ಪಾರಿವಾಳಗಳಿಗೆ ಕಾಳು ಚೆಲ್ಲುತ್ತಿದ್ದಾರೆ, ಹಗಲು ಪಾರಿವಾಳ ಬಿಟ್ಟದ್ದನ್ನು ರಾತ್ರಿ ಇಲಿ ಹೊತ್ತು ತಂದು ನಿಮ್ಮ ಬ್ಯಾಟರಿಯ ಮೇಲೆ ಕೂತು ತಿನ್ನುತ್ತಿದೆ. ಚಪಾತಿ ಕಸದ ಡಬ್ಬಿಯಿಂದ ಬಂದಿರಬೇಕು. ಈ ಎರಡು ಮೂಲಗಳು ಹಾಗೇ ಇರುವಾಗ ನೀವು ಬಾನೆಟ್‌ನೊಳಗೆ ಏನನ್ನೇ ಕಟ್ಟಿದರೂ, ಒಂದು ಇಲಿ ಹೋದ ಜಾಗಕ್ಕೆ ಇನ್ನೊಂದು ಬರುತ್ತದೆ. ಆದ್ದರಿಂದ ಒಂದು ರಾತ್ರಿ ಹನ್ನೊಂದರ ನಂತರ ಟಾರ್ಚ್ ಹಿಡಿದು ಪಾರ್ಕಿಂಗ್ ಸುತ್ತಿ, ಗೋಡೆಯ ಬುಡದಲ್ಲಿ ಜಿಡ್ಡಿನ ಕಪ್ಪು ಗೆರೆ ಎಲ್ಲಿದೆ, ಹಿಕ್ಕೆ ಎಲ್ಲಿ ಹೆಚ್ಚಾಗಿದೆ ಎಂದು ನೋಡಿ. ಇಲಿ ಗೋಡೆಗೆ ಮೈ ಉಜ್ಜಿಕೊಂಡು ಒಂದೇ ದಾರಿಯಲ್ಲಿ ಓಡಾಡುವುದರಿಂದ ಆ ಗೆರೆ ನಿಮ್ಮನ್ನು ಅದರ ಬಿಲದವರೆಗೂ ಕರೆದೊಯ್ಯುತ್ತದೆ.

ಎರಡನೆಯದು ವಾಸನೆ. ಇಲಿ ಓಡಾಡಿದಲ್ಲೆಲ್ಲ ಮೂತ್ರದ ಹನಿ ಬಿಡುತ್ತದೆ, ಮತ್ತೊಂದು ಇಲಿಗೆ ಅದೇ ಗುರುತು. ಮೇ ತಿಂಗಳಲ್ಲಿ ನಿಮ್ಮ ವೈರನ್ನು ಜೋಡಿಸಿದವರು ಬಾನೆಟ್‌ನ ಒಳಭಾಗವನ್ನು ತೊಳೆದಿರಲಿಕ್ಕಿಲ್ಲ. ಎರಡನೇ ಸಲ ಬರಲು ಅದೂ ಒಂದು ಕಾರಣ. ಇಂಜಿನ್ ತಣ್ಣಗಿರುವಾಗ ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಚ್ಚಿ, ಗೂಡನ್ನೂ ಹೊದಿಕೆಯ ಹಾಳಾದ ಭಾಗವನ್ನೂ ತೆಗೆದು, ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಪ್ರತಿಯೊಂದು ಮೂಲೆಯನ್ನೂ ಒರೆಸಿ. ಫ್ಯೂಸ್ ಡಬ್ಬಿ, ಆಲ್ಟರ್ನೇಟರ್, ಕನೆಕ್ಟರ್‌ಗಳ ಮೇಲೆ ನೀರನ್ನು ಚಿಮ್ಮಿಸಬಾರದು. ಬ್ಲೀಚ್ ಅಲ್ಯೂಮಿನಿಯಂ ಮತ್ತು ಕನೆಕ್ಟರ್‌ಗಳನ್ನು ತಿನ್ನುತ್ತದೆ, ಅದನ್ನು ನೆಲಕ್ಕಷ್ಟೇ ಬಳಸಿ.

ಇನ್ನು ನುಸಿಗುಳಿಗೆಯನ್ನು ಇಂದೇ ತೆಗೆದುಬಿಡಿ. ನ್ಯಾಫ್ತಲೀನ್ ಹೊತ್ತಿಕೊಳ್ಳುವ ವಸ್ತು, ಬಿಸಿಗೆ ಬೇಗ ಆವಿಯಾಗುತ್ತದೆ, ಆ ಆವಿ ಬ್ಲೋವರ್ ಮೂಲಕ ನೇರವಾಗಿ ಮಕ್ಕಳು ಕೂತ ಕ್ಯಾಬಿನ್ನಿಗೆ ಬರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಹುಟ್ಟುಕೊರತೆಯಿರುವ ಮಗುವಿನಲ್ಲಿ ಅದು ಕೆಂಪು ರಕ್ತಕಣಗಳನ್ನೇ ಒಡೆಯಬಲ್ಲದು. ಹೊಗೆಸೊಪ್ಪಿನ ಘಾಟು ಇಂಜಿನ್ನಿನ ಬಿಸಿಗೆ ಕೆಲವೇ ದಿನಗಳಲ್ಲಿ ಹೋಗಿಬಿಡುತ್ತದೆ. ನನ್ನ ಅನುಭವದಲ್ಲಿ ಸ್ವಲ್ಪ ಮಟ್ಟಿಗೆ ಉಳಿಯುವುದು ಮೆಣಸಿನಕಾಯಿಯ ಖಾರಾಂಶವಾದ ಕ್ಯಾಪ್ಸೈಸಿನ್ ಲೇಪಿಸಿದ ಟೇಪು. ಹೋಂಡಾ ಕಂಪನಿ ಇಂಥದ್ದೊಂದನ್ನು ಬಿಡಿಭಾಗವಾಗಿಯೇ ಮಾರುತ್ತದೆ, ಬೇರೆ ಕಾರುಗಳಿಗೂ ಸುತ್ತಬಹುದು. ಮುಟ್ಟಿದ ಕೈಯನ್ನು ಕಣ್ಣಿಗೆ ತಾಗಿಸಬೇಡಿ.

ರಿಪೇರಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಇಲಿ ಮಾಡಿದ ಹಾನಿಗಿಂತ ಕೆಟ್ಟ ಜೋಡಣೆ ಮಾಡಿದ ಹಾನಿಯನ್ನು ನಾನು ಹೆಚ್ಚು ಕಂಡಿದ್ದೇನೆ. ಕಡಿದ ಎರಡು ತುದಿಗಳನ್ನು ತಿರುಚಿ ಪ್ಲಾಸ್ಟಿಕ್ ಟೇಪು ಸುತ್ತಿದರೆ ಮೊದಲ ಮಳೆಗೇ ತಾಮ್ರ ಹಸಿರುಗಟ್ಟುತ್ತದೆ, ಎಬಿಎಸ್ ದೀಪ ಒಮ್ಮೆ ಹತ್ತಿ ಒಮ್ಮೆ ಆರಿ ನಿಮ್ಮ ತಲೆ ತಿನ್ನುತ್ತದೆ. ಅದೇ ದಪ್ಪದ, ಸಾಧ್ಯವಾದರೆ ಅದೇ ಬಣ್ಣದ ವೈರಿನ ತುಂಡನ್ನು ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿಟ್ಟು ಒತ್ತಿ ಜೋಡಿಸಿ), ಒಳಮೈಗೆ ಅಂಟು ಬಳಿದಿರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಟ್ಯೂಬಿನಿಂದ ಮುಚ್ಚಿಸಿ. ಒಂದನ್ನೊಂದು ಹೆಣೆದುಕೊಂಡಿರುವ ಎರಡು ವೈರು ಕಡಿದಿದ್ದರೆ ಅದು ಕ್ಯಾನ್ (ಕಾರಿನ ಕಂಪ್ಯೂಟರ್‌ಗಳು ಪರಸ್ಪರ ಮಾಹಿತಿ ಕಳಿಸುವ) ಜಾಲದ್ದಾಗಿರಬಹುದು, ಆ ಹೆಣಿಗೆಯನ್ನು ಹಾಗೇ ಉಳಿಸಬೇಕು. ಏರ್‌ಬ್ಯಾಗಿನ ಹಳದಿ ವೈರಿಗೂ, ಹೈಬ್ರಿಡ್ ಅಥವಾ ವಿದ್ಯುತ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ಲಿಗೂ ತರಬೇತಿಯಿಲ್ಲದವರು ಕೈಹಾಕಲೇಬಾರದು.

ಉತ್ತರ, ಪುಣೆಯ ಕೋಥ್ರೂಡ್‌ನಿಂದ

ಮುಲುಂಡ್‌ನವರ ಮಾತನ್ನು ಒಪ್ಪುತ್ತೇನೆ. ಅಲ್ಟ್ರಾಸಾನಿಕ್ ಯಂತ್ರವನ್ನು ನಾನು ಕೊಂಡು ಬ್ಯಾಟರಿಗೆ ಜೋಡಿಸಿದ್ದೆ. ಮೊದಲ ಹತ್ತು ದಿನ ಹಿಕ್ಕೆ ಕಾಣಲಿಲ್ಲ, ಹದಿನೈದನೆಯ ದಿನ ಯಂತ್ರದ ವೈರನ್ನೇ ಇಲಿ ಕಡಿದಿತ್ತು. ಆ ಶಬ್ದ ಅಡ್ಡವಿರುವ ವಸ್ತುಗಳನ್ನು ದಾಟುವುದಿಲ್ಲ, ಇಂಜಿನ್ ಹಿಂದೆ ಕೂತ ಇಲಿಗೆ ಅದು ತಲುಪುವುದೂ ಇಲ್ಲ, ತಲುಪಿದರೂ ಇಲಿ ಅದಕ್ಕೆ ಒಗ್ಗಿಕೊಳ್ಳುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಯಂತ್ರಗಳ ತಯಾರಕರಿಗೂ ಮಾರಾಟಗಾರರಿಗೂ 2001ರಲ್ಲೇ ಎಚ್ಚರಿಕೆಯ ಪತ್ರ ಕಳಿಸಿತ್ತು. ದಿನಗಟ್ಟಲೆ ನಿಲ್ಲುವ ಕಾರಿನಲ್ಲಿ ಬ್ಯಾಟರಿ ಇಳಿಯುವ ನಷ್ಟ ಬೇರೆ.

ವಿಮೆಯ ವಿಷಯ ಹೇಳುತ್ತೇನೆ. ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಬೆಂಕಿ, ಕಳವು, ಪ್ರವಾಹ, ಹೊರಗಿನ ಕಾರಣದಿಂದಾದ ಆಕಸ್ಮಿಕ ಹಾನಿ ಮುಂತಾದವನ್ನು ಹೆಸರಿಸಿರುತ್ತಾರೆ, ಇಲಿ ಕಡಿತವನ್ನು ಹೆಸರಿಸಿರುವುದಿಲ್ಲ. ಸವಕಳಿ ಮತ್ತು ವಿದ್ಯುತ್ ದೋಷವನ್ನು ಹೊರಗಿಟ್ಟಿರುತ್ತಾರೆ. ಕೆಲವು ಕಂಪನಿಗಳು ಕಡಿತವನ್ನು ಆಕಸ್ಮಿಕವೆಂದು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಹಾಗಾಗಿ ರಿಪೇರಿಗೆ ಮೊದಲು ಗೂಡು, ಹಿಕ್ಕೆ, ಕಡಿದ ವೈರುಗಳ ಫೋಟೊ ತೆಗೆದು ಕಂಪನಿಗೆ ತಿಳಿಸಿ. ಆದರೆ ಕ್ಲೇಮು ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ. ಐದು ವರ್ಷ ಕ್ಲೇಮು ಮಾಡದವರಿಗೆ ಅದು ಶೇ. 50ರಷ್ಟಿರುವುದರಿಂದ, ಐದಾರು ಸಾವಿರದ ರಿಪೇರಿಗೆ ಕ್ಲೇಮು ಮಾಡುವುದು ನಷ್ಟದ ಲೆಕ್ಕ. ಇಡೀ ಹಾರ್ನೆಸ್ (ವೈರುಗಳ ಕಟ್ಟು) ಬದಲಿಸಬೇಕಾದಾಗ ಮಾತ್ರ ಯೋಚಿಸಿ.

ಉತ್ತರ, ಗೋವಾದ ವಾಸ್ಕೊದಿಂದ

ವಿಷವನ್ನು ಇಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅಂಗಡಿಗಳಲ್ಲಿ ಸಿಗುವ ಬ್ರೊಮಾಡಿಯೊಲೋನ್ ಬಿಲ್ಲೆ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ಇಲಿ ಸಾಯಲು ಹಲವು ದಿನ ಬೇಕು, ಅಷ್ಟರಲ್ಲಿ ಅದು ಎಲ್ಲಿಗೆ ಬೇಕಾದರೂ ಹೋಗಿ ಅಡಗುತ್ತದೆ. ನನ್ನ ಕಾರಿನಲ್ಲಿ ಅದು ಬ್ಲೋವರ್ ಒಳಗೆ ಹೋಗಿ ಸತ್ತಿತು. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿದ ಮೇಲೂ ಆ ನಾತ ತಿಂಗಳುಗಟ್ಟಲೆ ಹೋಗಲಿಲ್ಲ. ಅದಕ್ಕಿಂತ ನೋವಾದದ್ದು, ನಮ್ಮ ಕಾಂಪೌಂಡಿನಲ್ಲಿ ಇಲಿ ಹಿಡಿಯುತ್ತಿದ್ದ ಹೆಣ್ಣು ಬೆಕ್ಕು ಅದೇ ವಾರ ಮೂಗಿನಲ್ಲಿ ರಕ್ತ ಬಂದು ಸತ್ತದ್ದು. ವಿಷ ತಿಂದ ಇಲಿಯನ್ನು ತಿಂದ ಬೆಕ್ಕಿಗೂ ಗೂಬೆಗೂ ಆ ವಿಷ ಏರುತ್ತದೆ. ಅಂಟಿನ ಹಲಗೆಯೂ ಬೇಡ, ಅದರ ಮೇಲೆ ಜೀವ ಗಂಟೆಗಟ್ಟಲೆ ಒದ್ದಾಡುತ್ತದೆ.

ಸ್ಪ್ರಿಂಗ್ ಬೋನು ಸಾಕು, ಆದರೆ ಇಡುವ ಕ್ರಮ ಇದೆ. ಇಲಿ ಹೊಸ ವಸ್ತುವನ್ನು ಕಂಡರೆ ಹೆದರುತ್ತದೆ; ಮೂರು ನಾಲ್ಕು ರಾತ್ರಿ ಬೋನನ್ನು ಬಿಗಿಯದೆ, ಒಣಮೀನಿನ ಚೂರನ್ನೋ ಶೇಂಗಾ ಮುದ್ದೆಯನ್ನೋ ಮಾತ್ರ ಇಟ್ಟು ಅಭ್ಯಾಸವಾಗಲು ಬಿಡಿ. ಆಮೇಲೆ ಆಹಾರವಿರುವ ತುದಿ ಗೋಡೆಗೆ ತಾಗುವಂತೆ ಬಿಗಿದಿಡಿ. ಒಂದೇ ಬೋನಿನಿಂದ ಆಗುವುದಿಲ್ಲ, ಕನಿಷ್ಠ ಐದಾರು ಬೇಕು. ಬೋನನ್ನು ಇಂಜಿನ್ ಮೇಲೆ ಇಟ್ಟು ಮರೆತು ಕಾರು ಚಲಾಯಿಸಿದವರೂ ಇದ್ದಾರೆ, ಅದನ್ನು ನೆಲದಲ್ಲೇ ಇಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಎರಡು ಸಂದೇಹಗಳಿವೆ. ಬಾನೆಟ್‌ನ ಕೆಳಭಾಗಕ್ಕೆ ಪೂರ್ತಿ ಜಾಲರಿ ಹೊಡೆಸಬಹುದೇ? ಹಿಕ್ಕೆಯನ್ನು ನಾನೇ ಬರಿಗೈಯಲ್ಲಿ ತೆಗೆದೆ, ಅದರಿಂದ ತೊಂದರೆಯಿದೆಯೇ?

ಉತ್ತರ, ಮುಲುಂಡ್‌ನಿಂದ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಇಲಿಯ ಮೂತ್ರದಿಂದ ಹರಡುತ್ತದೆ, ಕೈಯ ಸಣ್ಣ ಗಾಯವೂ ಅದಕ್ಕೆ ಬಾಗಿಲು. 2005ರ ಜುಲೈ 26ರ ಮಹಾಮಳೆಯ ನಂತರ ಮುಂಬೈಯಲ್ಲಿ ಅದು ಎಷ್ಟು ಜನರನ್ನು ಮಲಗಿಸಿತೆಂದು ನಮಗೆಲ್ಲ ನೆನಪಿದೆ. ಮುಂದಿನ ಮೂರು ನಾಲ್ಕು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ, ಇಲಿಯ ಹಿಕ್ಕೆ ಮುಟ್ಟಿದ್ದನ್ನು ಬಾಯಿಬಿಟ್ಟು ಹೇಳಿ. ಮುಂದೆ ರಬ್ಬರ್ ಕೈಗವಸು, ಮಾಸ್ಕ್ ಹಾಕಿಕೊಂಡೇ ತೆಗೆಯಿರಿ. ಒಣ ಹಿಕ್ಕೆಯನ್ನು ಗುಡಿಸದೆ, ಸೋಂಕುನಿವಾರಕದಿಂದ ಐದು ನಿಮಿಷ ನೆನೆಸಿ ಆಮೇಲೆ ಕಾಗದದಿಂದ ಒರೆಸಿ ಎತ್ತಿ.

ಕೆಳಭಾಗ ಪೂರ್ತಿ ಮುಚ್ಚಿಸಬೇಡಿ. ಇಂಜಿನ್ನಿಗೆ ಗಾಳಿ ಬೇಕು, ಸೈಲೆನ್ಸರ್ ಕೊಳವೆಗೆ ತಾಗಿದ ಜಾಲರಿ ಅಪಾಯ. ಸುಂಡಿಲಿ 6 ಮಿ.ಮೀ. ಸಂದಿನಲ್ಲೂ ನುಸುಳುತ್ತದೆ, ಆದ್ದರಿಂದ ಅದಕ್ಕಿಂತ ಸಣ್ಣ ಕಣ್ಣಿನ ತುಕ್ಕು ಹಿಡಿಯದ ಉಕ್ಕಿನ ಜಾಲರಿಯನ್ನು ಎರಡೇ ಕಡೆ ಹಾಕಿಸಿ: ವೈಪರ್ ಕೆಳಗೆ ಕ್ಯಾಬಿನ್ನಿಗೆ ಗಾಳಿ ಹೋಗುವ ದಾರಿ, ಮತ್ತು ಏರ್ ಫಿಲ್ಟರಿನ ಮೂತಿ. ಇಷ್ಟಾದ ಮೇಲೆ ಎರಡು ದಿನಕ್ಕೊಮ್ಮೆ ರಾತ್ರಿ ಹತ್ತು ನಿಮಿಷ ಕಾರನ್ನು ಚಲಾಯಿಸಿ ಬನ್ನಿ. ಹೊರಡುವ ಮುನ್ನ ಬಾನೆಟ್ ತಟ್ಟಿ. ಒಳಗೆ ಬೆಕ್ಕಿನ ಮರಿ ಇದ್ದರೂ ಎದ್ದು ಹೋಗುತ್ತದೆ.

ಪ್ರಶ್ನೆ ಕೇಳಿದವರಿಂದ, ದೀಪಾವಳಿಯ ನಂತರ

ನೀವು ಹೇಳಿದ್ದು ನಿಜ. ಪಾರಿವಾಳದ ಕಾಳು ಚೆಲ್ಲುತ್ತಿದ್ದವರು ಎರಡನೇ ಮಹಡಿಯ ಹಿರಿಯರು. ಕಡಿದ ವೈರಿನ ಫೋಟೊ ತೋರಿಸಿ ಕೂತು ಮಾತನಾಡಿದ ಮೇಲೆ, ಅವರೇ ನಿಲ್ಲಿಸಿದರು. ಜಿಡ್ಡಿನ ಗೆರೆ ಮೀಟರ್ ಕೋಣೆಯ ಹಿಂದಿನ ಒಡೆದ ಗಟಾರದ ಮುಚ್ಚಳಕ್ಕೆ ಹೋಗಿತ್ತು. ಸೊಸೈಟಿಯ ಸಭೆಯಲ್ಲಿ ವಿಷಯ ತೆಗೆದಾಗ ಇನ್ನೂ ನಾಲ್ಕು ಕಾರಿನವರು ತಮ್ಮ ರಿಪೇರಿಯ ಬಿಲ್ಲು ತಂದು ತೋರಿಸಿದರು, ಆಮೇಲೆ ಮುಚ್ಚಳ ಬದಲಾಯಿತು, ಕಸದ ಡಬ್ಬಿಗಳಿಗೆ ಮುಚ್ಚಳ ಬಂತು. ಆರು ಬೋನುಗಳಲ್ಲಿ ಎರಡು ವಾರದಲ್ಲಿ ಏಳು ಇಲಿ ಬಿದ್ದವು. ಚೌತಿಗೆ ಊರಿಗೆ ಹೋಗಿ ಹನ್ನೆರಡು ದಿನ ಬಿಟ್ಟು ಬಂದು ಬಾನೆಟ್ ತೆಗೆದಾಗ, ಹೋಗುವ ಮೊದಲು ಬ್ಯಾಟರಿಯ ಮೇಲೆ ತೆಳ್ಳಗೆ ಉದುರಿಸಿಟ್ಟಿದ್ದ ಗೋಧಿಹಿಟ್ಟಿನ ಮೇಲೆ ಒಂದೇ ಒಂದು ಹೆಜ್ಜೆಗುರುತೂ ಇರಲಿಲ್ಲ. ಹಿಟ್ಟಿಡುವುದೂ ಇಲಿಗೆ ಆಹ್ವಾನವೇ ಎಂದು ನನ್ನ ಹೆಂಡತಿ ಹೇಳಿದ ಮೇಲೆ, ಈಗ ಟಾಲ್ಕಂ ಪುಡಿ ಉದುರಿಸುತ್ತಿದ್ದೇನೆ. ದೀಪಾವಳಿಯವರೆಗೂ ಅದರ ಮೇಲೆ ಗುರುತು ಬಿದ್ದಿಲ್ಲ, ಎಬಿಎಸ್ ದೀಪವೂ ಮತ್ತೆ ಹತ್ತಿಲ್ಲ.