ಅಕ್ಕನ ಪ್ಯಾಚ್, ದೊಡ್ಡಮ್ಮನ ಪತ್ರಿಕೆಯ ತುಣುಕು

ದೊಡ್ಡಮ್ಮ: (ಚಿತ್ರ) ಇದು 2002ರ ಜುಲೈ ತಿಂಗಳಲ್ಲಿ ನಾನು ಕತ್ತರಿಸಿ ಇಟ್ಟುಕೊಂಡ ಪತ್ರಿಕೆಯ ತುಣುಕು. ಹಾರ್ಮೋನ್ ಮಾತ್ರೆ ನುಂಗುತ್ತಿದ್ದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಶೇಕಡಾ 26ರಷ್ಟು ಹೆಚ್ಚಿದ್ದರಿಂದ ಅಮೆರಿಕದ ದೊಡ್ಡ ಅಧ್ಯಯನವೊಂದನ್ನು ಅರ್ಧಕ್ಕೇ ನಿಲ್ಲಿಸಿದರೆಂದು ಇದರಲ್ಲಿದೆ. ಮುಟ್ಟು ನಿಲ್ಲುವ ಕಾಲದ ತೊಂದರೆಗೆಂದು ವೈದ್ಯರು ನಿನಗೆ ಚರ್ಮಕ್ಕೆ ಅಂಟಿಸುವ ಹಾರ್ಮೋನ್ ಪ್ಯಾಚ್ ಬರೆದುಕೊಟ್ಟಿದ್ದಾರೆಂದು ನಿನ್ನ ಅಮ್ಮ ಹೇಳಿದಾಗಿನಿಂದ ನನಗೆ ನೆಮ್ಮದಿಯಿಲ್ಲ. ಮಗಳೇ, ಅದನ್ನು ಅಂಟಿಸಿಕೊಳ್ಳಬೇಡ.

ಚಿಕ್ಕಮ್ಮ: ಮುಟ್ಟು ನಿಲ್ಲುವುದು ಕಾಯಿಲೆಯಲ್ಲ. ನಾವೆಲ್ಲರೂ ಸಹಿಸಿಕೊಂಡೇ ದಾಟಿ ಬಂದೆವು. ಎರಡು ವರ್ಷ ತಾಳಿಕೊಂಡರೆ ತಾನಾಗಿಯೇ ಹೋಗುತ್ತದೆ.

ಅತ್ತಿಗೆ: ಆ ತುಣುಕು ಬಹಳ ಹಳೆಯದು. 2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ ಈ ಔಷಧಿಗಳ ಮಾಹಿತಿ ಚೀಟಿಯಲ್ಲಿ ಕಪ್ಪು ಚೌಕಟ್ಟಿನೊಳಗೆ ಅಚ್ಚಾಗುವ ಅತಿ ಗಂಭೀರ ಎಚ್ಚರಿಕೆಯನ್ನು ತೆಗೆಸುವುದಾಗಿ ಪ್ರಕಟಿಸಿದೆ. ಹೃದಯಕ್ಕೂ ನೆನಪಿನ ಶಕ್ತಿಗೂ ಒಳ್ಳೆಯದೆಂದು ಹೇಳುತ್ತಿರುವಾಗ, ಯಾವ ತೊಂದರೆಯೂ ಇಲ್ಲದ ನಾನೂ ಈಗಲೇ ಆರಂಭಿಸಬಾರದೇಕೆ ಎಂದು ಯೋಚಿಸುತ್ತಿದ್ದೇನೆ. ಆದರೆ ಮೊದಲು ರಕ್ತದಲ್ಲಿ ಹಾರ್ಮೋನ್ ಮಟ್ಟವನ್ನು ನೋಡಿಸಬೇಕಲ್ಲವೇ? ಅಕ್ಕನಿಗೆ ಆ ಪರೀಕ್ಷೆಯನ್ನೇ ಮಾಡಿಲ್ಲವಂತೆ.

ನಾನು: ಅಕ್ಕನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ದೊಡ್ಡಮ್ಮ, ನೀವು ಕಳುಹಿಸಿದ ತುಣುಕಿನಲ್ಲಿ ಸುಳ್ಳಿಲ್ಲ. ಆದರೆ ಶೇಕಡಾ 26 ಎಂಬ ಅಂಕಿಯ ಹಿಂದೆ ಎಷ್ಟು ಮಂದಿ ಎಂಬ ಲೆಕ್ಕ ಅದರಲ್ಲಿಲ್ಲ. ಮಾತ್ರೆ ತೆಗೆದುಕೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 30 ಮಂದಿಗೆ ಸ್ತನ ಕ್ಯಾನ್ಸರ್ ಬಂದರೆ, ತೆಗೆದುಕೊಂಡ 10,000 ಹೆಂಗಸರಲ್ಲಿ 38 ಮಂದಿಗೆ ಬಂದಿತ್ತು; ಅಂದರೆ ಹೆಚ್ಚಾದದ್ದು ಎಂಟು ಮಂದಿಗೆ. ಆ ಎಂಟು ಮಂದಿಯನ್ನು ಲೆಕ್ಕಕ್ಕೆ ಇಲ್ಲವೆನ್ನುವ ಮಾತು ನನ್ನದಲ್ಲ, ಆದರೆ ಶೇಕಡಾ 26 ಎಂದು ಓದಿದಾಗ ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂಬಂತೆ ಮನಸ್ಸಿಗೆ ತಟ್ಟುತ್ತದೆ, ಅದು ಹಾಗಲ್ಲ. ಆ ಅಧ್ಯಯನದ 16,608 ಹೆಂಗಸರು 50ರಿಂದ 79 ವರ್ಷದವರು, ಸರಾಸರಿ ವಯಸ್ಸು 63. ಹೆಚ್ಚಿನವರಿಗೆ ಮುಟ್ಟು ನಿಂತು ಹತ್ತು ವರ್ಷವೇ ಕಳೆದಿತ್ತು. ಅವರಲ್ಲಿ ಹಾರ್ಮೋನ್ ಗುಂಪಿನವರಿಗೆ ಕೊಟ್ಟದ್ದು ಗರ್ಭಿಣಿ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಮತ್ತು ಪ್ರೊಜೆಸ್ಟರಾನ್ ಬಗೆಯ ಕೃತಕ ಹಾರ್ಮೋನಾದ ಮೆಡ್ರಾಕ್ಸಿಪ್ರೊಜೆಸ್ಟರಾನ್ ಸೇರಿದ ಮಾತ್ರೆ. ಅಕ್ಕನಿಗೆ 47 ವರ್ಷ, ಮುಟ್ಟು ಇನ್ನೂ ನಿಂತಿಲ್ಲ. ಆಕೆಗೆ ಬರೆದಿರುವ ಪ್ಯಾಚ್‌ನ ಈಸ್ಟ್ರೋಜನ್ ಚರ್ಮದ ಮೂಲಕ ನೇರವಾಗಿ ರಕ್ತಕ್ಕೆ ಸೇರುತ್ತದೆ, ಮಾತ್ರೆಯ ಹಾಗೆ ಮೊದಲು ಯಕೃತ್ತಿಗೆ ಹೋಗುವುದಿಲ್ಲ. ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಯಲ್ಲಿ ಕಂಡಂತೆ ಪ್ಯಾಚ್‌ನಲ್ಲಿ ಕಂಡುಬಂದಿಲ್ಲದಿರುವುದಕ್ಕೆ ಇದೇ ಕಾರಣವೆಂದು ತಿಳಿದವರು ಹೇಳುತ್ತಾರೆ. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ಬಳಸಿದರೆ ಒಳಪದರ ದಪ್ಪವಾಗುತ್ತಾ ಹೋಗಿ ಅಲ್ಲಿಯೇ ಕ್ಯಾನ್ಸರ್ ಆಗಬಹುದಾದ್ದರಿಂದ, ಅದನ್ನು ತಡೆಯಲು ಪ್ರತಿ ತಿಂಗಳು ಕೆಲವು ದಿನ ರಾತ್ರಿ ತೆಗೆದುಕೊಳ್ಳಲು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನನ್ನೂ ಬರೆದಿದ್ದಾರೆ.

ಚಿಕ್ಕಮ್ಮ, ಎರಡು ವರ್ಷವೆಂದಿರಿ. ಅಮೆರಿಕದಲ್ಲಿ ಮಧ್ಯವಯಸ್ಸಿನ ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನದಲ್ಲಿ, ಮೈ ಬಿಸಿಯೇರಿ ಬೆವರುವ ತೊಂದರೆ ಅದು ಪದೇ ಪದೇ ಕಾಡುತ್ತಿದ್ದವರಲ್ಲಿ ಅರ್ಧಕ್ಕರ್ಧ ಮಂದಿಗೆ ಏಳು ವರ್ಷಕ್ಕೂ ಹೆಚ್ಚು ಕಾಲ ಇತ್ತು. ನೀವು ಸಹಿಸಿಕೊಂಡಿರೆಂಬುದು ನಿಜ. ಆದರೆ ಕೇಳುವವರೇ ಇರಲಿಲ್ಲವೆಂದು ಸಹಿಸಿಕೊಂಡದ್ದನ್ನು ಮುಂದಿನವರ ಮೇಲೆ ನಿಯಮವಾಗಿ ಹೊರಿಸುವುದು ನನಗೆ ನ್ಯಾಯವೆನಿಸುವುದಿಲ್ಲ.

ಅತ್ತಿಗೆ, ನಲವತ್ತೈದು ದಾಟಿದವರಲ್ಲಿ ಮುಟ್ಟು ಏರುಪೇರಾಗಿ ಬೆವರು, ನಿದ್ರಾಭಂಗ ಶುರುವಾದರೆ ರಕ್ತ ಪರೀಕ್ಷೆಯ ಅಗತ್ಯವಿಲ್ಲವೆಂದು ಬ್ರಿಟನ್ನಿನ ಮಾರ್ಗಸೂಚಿ 2015ರಿಂದಲೇ ಹೇಳುತ್ತಿದೆ. ಈ ಕಾಲದಲ್ಲಿ ಹಾರ್ಮೋನ್ ಮಟ್ಟ ದಿನದಿಂದ ದಿನಕ್ಕೆ ಏರಿಳಿಯುವುದರಿಂದ ಒಂದು ದಿನದ ಅಂಕಿಯಿಂದ ಏನೂ ತಿಳಿಯುವುದಿಲ್ಲ. ನಿಮ್ಮ ಇನ್ನೊಂದು ಮಾತನ್ನು ಮಾತ್ರ ನಾನು ಒಪ್ಪಲಾರೆ. ಎಚ್ಚರಿಕೆಯ ಚೌಕಟ್ಟು ಹೋದ ಮಾತ್ರಕ್ಕೆ ಇದು ಎಲ್ಲರೂ ಬಳಸಬೇಕಾದ ಟಾನಿಕ್ ಆಗುವುದಿಲ್ಲ. 60 ವರ್ಷದೊಳಗಿನ ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗಿನ ಆರೋಗ್ಯವಂತರಿಗೆ ಲಾಭವೇ ಹೆಚ್ಚೆಂದು ಅಮೆರಿಕದ ಋತುಬಂಧ ತಜ್ಞರ ಸಂಘ 2022ರಲ್ಲಿ ಹೇಳಿದ್ದು, ಬೆವರಿನಿಂದ ಬಳಲುವವರ ಮತ್ತು ಮೂಳೆ ಸವೆಯುವ ಅಪಾಯವಿರುವವರ ಕುರಿತು. ಹೃದ್ರೋಗವನ್ನೋ ಮರೆವನ್ನೋ ತಡೆಯಲೆಂದೇ ಇದನ್ನು ಆರಂಭಿಸಿರೆಂದು ಆ ಸಂಘ ಹೇಳಿಲ್ಲ. ತೊಂದರೆಯೇ ಇಲ್ಲದ ನೀವು ಯಾವುದಕ್ಕಾಗಿ ಆರಂಭಿಸುತ್ತೀರಿ?

ಅತ್ತಿಗೆ: ಸರಿ, ನನ್ನ ವಿಷಯವನ್ನು ನನ್ನ ವೈದ್ಯರ ಬಳಿಯೇ ಕೇಳುತ್ತೇನೆ.

ದೊಡ್ಡಮ್ಮ: ನಿನ್ನ ಲೆಕ್ಕವನ್ನು ಎರಡು ಸಲ ಓದಿದೆ. ನಿಮ್ಮಲ್ಲಿ ಯಾರಿಗೂ ಸರಿಯಾಗಿ ಹೇಳಿರದ ಒಂದು ವಿಷಯವಿದೆ. 1996ರಿಂದ ಆರು ವರ್ಷ ನಾನೂ ಆ ಮಾತ್ರೆಯನ್ನು ನುಂಗಿದೆ. ಈ ಸುದ್ದಿ ಓದಿದ ದಿನವೇ ಯಾರನ್ನೂ ಕೇಳದೆ ಬಿಟ್ಟೆ. ಆಮೇಲೆ ತಿಂಗಳುಗಟ್ಟಲೆ ರಾತ್ರಿ ಸೀರೆ ಬದಲಿಸುವಷ್ಟು ಬೆವರಿದೆ. 2005ರಲ್ಲಿ ಎದೆಯಲ್ಲಿ ಗಂಟು ಸಿಕ್ಕಿತು. ನೀವು ಆಸ್ಪತ್ರೆಗೆ ಬಂದಾಗ ಅದು ಯಾಕೆ ಬಂತೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. 10,000ರಲ್ಲಿ ಎಂಟು ಎಂದು ನೀನು ಬರೆದಾಗ, ಆ ಎಂಟರಲ್ಲಿ ನಾನೊಬ್ಬಳಿರಬಹುದೆಂದು ನಿನಗೆ ತೋಚಿರಲಿಕ್ಕಿಲ್ಲ.

ನಾನು: ತೋಚಿರಲಿಲ್ಲ, ದೊಡ್ಡಮ್ಮ. ನೀವು ಆ ಮಾತ್ರೆ ತೆಗೆದುಕೊಂಡದ್ದೇ ನನಗೆ ಗೊತ್ತಿರಲಿಲ್ಲ. ಹಾಗೆ ಅಂಕಿಯನ್ನು ಮುಂದಿಟ್ಟು ಮಾತನಾಡಿದ್ದಕ್ಕೆ ಕ್ಷಮಿಸಿ. ನಿಮ್ಮ ಗಂಟಿಗೆ ಮಾತ್ರೆಯೇ ಕಾರಣವೇ, ಮಾತ್ರೆಯಿಲ್ಲದಿದ್ದರೂ ಅದು ಬರುತ್ತಿತ್ತೇ ಎಂಬುದನ್ನು ಒಬ್ಬ ವ್ಯಕ್ತಿಯ ವಿಷಯದಲ್ಲಿ ಯಾವ ವೈದ್ಯರೂ ಖಚಿತವಾಗಿ ಹೇಳಲಾರರು. ಆದರೆ ನಿಮ್ಮ ಭಯಕ್ಕೆ ಆಧಾರವಿದೆ ಎಂಬುದನ್ನು ಮರೆಮಾಚಲಾರೆ: 50ನೆಯ ವಯಸ್ಸಿನಲ್ಲಿ ಆರಂಭಿಸಿ ಎರಡೂ ಹಾರ್ಮೋನುಗಳನ್ನು ಪ್ರತಿದಿನ ಐದು ವರ್ಷ ತೆಗೆದುಕೊಂಡ 50 ಮಂದಿಯಲ್ಲಿ ಒಬ್ಬರಿಗೆ, 70 ವರ್ಷ ತುಂಬುವುದರೊಳಗೆ ಹೆಚ್ಚುವರಿಯಾಗಿ ಸ್ತನ ಕ್ಯಾನ್ಸರ್ ಬರುತ್ತದೆಂದು 2019ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆ ಅಂದಾಜಿಸಿದೆ. ತಿಂಗಳಲ್ಲಿ ಕೆಲವೇ ದಿನ ಪ್ರೊಜೆಸ್ಟರಾನ್ ಬಗೆಯ ಔಷಧಿ ತೆಗೆದುಕೊಂಡವರಲ್ಲಿ ಅದು 70 ಮಂದಿಗೆ ಒಬ್ಬರು. ಅಪಾಯ ಕಡಿಮೆ ಎನ್ನಬಹುದೇ ಹೊರತು ಇಲ್ಲವೆನ್ನಲಾಗದು.

ಚಿಕ್ಕಮ್ಮ: ಹಾಗಿದ್ದ ಮೇಲೆ ನಮ್ಮ ಮನೆಯಲ್ಲೇ ಒಬ್ಬರಿಗೆ ಬಂದಿರುವಾಗ ಇದು ಬೇಡವೇ ಬೇಡ.

ಅಕ್ಕ: ಇಷ್ಟು ಹೊತ್ತು ಎಲ್ಲರೂ ನನ್ನ ಬಗ್ಗೆ ಬರೆದಿರಿ, ಈಗ ನಾನೂ ಬರೆಯುತ್ತೇನೆ. ಹತ್ತು ತಿಂಗಳಿಂದ ಒಮ್ಮೆ 20 ದಿನಕ್ಕೆ, ಇನ್ನೊಮ್ಮೆ 60 ದಿನಕ್ಕೆ ಮುಟ್ಟಾಗುತ್ತಿದೆ. ಬೆಳಗಿನ ಜಾವ ಮೂರಕ್ಕೆ ಬೆವರಿನಲ್ಲಿ ತೊಯ್ದು ಏಳುತ್ತೇನೆ. ತರಗತಿಯಲ್ಲಿ ಪಾಠ ಮಾಡುತ್ತಿರುವಾಗಲೇ ದಿನವೂ ಬಳಸುವ ಪದ ನಾಲಗೆಗೆ ಬಾರದೆ ಬೋರ್ಡಿನ ಮುಂದೆ ನಿಂತುಬಿಡುತ್ತೇನೆ. ವೈದ್ಯರು ರಕ್ತದೊತ್ತಡ ನೋಡಿದರು, ಮ್ಯಾಮೊಗ್ರಾಂ ಮಾಡಿಸಿದರು, ಮುಟ್ಟಿನ ನಡುವೆ ರಕ್ತ ಹೋಗುತ್ತದೆಯೇ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೇ, ಯಕೃತ್ತಿನ ಕಾಯಿಲೆಯಿತ್ತೇ ಎಂದು ಕೇಳಿದರು. ಇದು ಗರ್ಭನಿರೋಧಕವಲ್ಲ, ಅದಕ್ಕೆ ಬೇರೆಯೇ ಉಪಾಯ ಬೇಕೆಂದು ಎಚ್ಚರಿಸಿದರು. ಹಾರ್ಮೋನ್ ಬೇಡವಾದರೆ ಬೆವರಿಗೆ ಬೇರೆ ಮಾತ್ರೆಗಳಿವೆ, ಮಾತಿನ ಚಿಕಿತ್ಸೆಯೂ ಇದೆ ಎಂದರು. ಸ್ತನ ಕ್ಯಾನ್ಸರ್ ಆದವರಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ, ಮನೆತನದಲ್ಲಿ ಒಬ್ಬರಿಗೆ ಆಗಿತ್ತೆಂಬುದರಿಂದಲೇ ಬಾಗಿಲು ಮುಚ್ಚುವುದಿಲ್ಲ ಎಂದೂ ಹೇಳಿದರು. ಆದರೆ ಎಷ್ಟನೆಯ ವಯಸ್ಸಿನಲ್ಲಿ, ಯಾವ ಬಗೆಯದು, ಜೀನ್ ಪರೀಕ್ಷೆ ಮಾಡಿಸಿದ್ದರೇ ಎಂದು ಕೇಳಿದಾಗ ನನಗೆ ಉತ್ತರ ಗೊತ್ತಿರಲಿಲ್ಲ. ಪ್ಯಾಚ್ ಇನ್ನೂ ಡಬ್ಬಿಯಲ್ಲೇ ಇದೆ. ದೊಡ್ಡಮ್ಮ, ನಿಮ್ಮ ಹಳೆಯ ವರದಿಗಳು ಇದ್ದರೆ ಕಳುಹಿಸುವಿರಾ? ಗುರುವಾರ ಅವುಗಳನ್ನು ವೈದ್ಯರಿಗೆ ತೋರಿಸಿದ ಮೇಲೆಯೇ ತೀರ್ಮಾನಿಸುತ್ತೇನೆ. ತೀರ್ಮಾನ ಯಾವುದಾದರೂ ಅದು ನನ್ನದೇ ಆಗಿರುತ್ತದೆ, ಆಮೇಲೆ ಬೇಸರಿಸಿಕೊಳ್ಳಬಾರದು.

ದೊಡ್ಡಮ್ಮ: ಎಲ್ಲವೂ ಒಂದೇ ಕಡತದಲ್ಲಿದೆ. (ಚಿತ್ರ) (ಚಿತ್ರ) (ಚಿತ್ರ) ಆಗ ನನಗೆ 61. ಈಸ್ಟ್ರೋಜನ್ ಗ್ರಾಹಕ ಪಾಸಿಟಿವ್, ಅಂದರೆ ಈಸ್ಟ್ರೋಜನ್‌ನಿಂದ ಬೆಳೆಯುವ ಬಗೆಯ ಕ್ಯಾನ್ಸರ್, ಎಂದು ಎರಡನೆಯ ಪುಟದ ಕೆಳಗಿದೆ. ಜೀನ್ ಪರೀಕ್ಷೆಯನ್ನು ಯಾರೂ ಮಾಡಿಸಲಿಲ್ಲ, ಈಗ ಬೇಕೆಂದರೆ ರಕ್ತ ಕೊಡುತ್ತೇನೆಂದು ನಿನ್ನ ವೈದ್ಯರಿಗೆ ತಿಳಿಸು. ಮೂರನೆಯ ಪುಟ ಮಸುಕಾಗಿ ಬಂದಿದೆ, ಬೆಳಕಿರುವ ಕಡೆ ಇಟ್ಟು ಇನ್ನೊಮ್ಮೆ ತೆಗೆದು ಕಳುಹಿಸುತ್ತೇನೆ.