ಥ್ಯಾಂಕ್ಸ್‌ಗಿವಿಂಗ್ ಹೋಮ್‌ವರ್ಕ್‌ಗೆ ಏನು ಬರೆಸೋದು ಅಂತ ಕೇಳಿದವರಿಗೆ

ಎಲ್ಲರಿಗೂ ನಮಸ್ಕಾರ. ಮೊನ್ನೆ ಅಮೆರಿಕದಲ್ಲಿರೋ ಕನ್ನಡಿಗರ ಈ ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಮಗಳು ಎರಡನೇ ಕ್ಲಾಸು, "ನಿಮ್ಮ ಮನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಹೇಗೆ ಮಾಡ್ತೀರಿ" ಅಂತ ಬರೆದುಕೊಂಡು ಬರಲು ಹೇಳಿದ್ದಾರೆ, ನಾವು ಮಾಂಸ ತಿನ್ನೋರಲ್ಲ, ಏನು ಬರೆಸೋದು ಅಂತ. (ಥ್ಯಾಂಕ್ಸ್‌ಗಿವಿಂಗ್ ಅಂದರೆ ನವೆಂಬರ್‌ನ ಒಂದು ಗುರುವಾರ ಇಲ್ಲಿ ಮನೆಯವರೆಲ್ಲ ಸೇರಿ ಟರ್ಕಿ ಕೋಳಿಯ ಊಟ ಮಾಡೋ ಹಬ್ಬ.) ಉತ್ತರ ಕೊಟ್ಟವರಲ್ಲಿ ಅರ್ಧ ಜನ "ಅದು ನಮ್ಮ ಹಬ್ಬ ಅಲ್ಲ, ಬಿಡಿ" ಅಂದರು. ಇನ್ನರ್ಧ ಜನ ಹಬ್ಬದ ಮರುದಿನದ ಸೇಲ್‌ನಲ್ಲಿ ಯಾವ ಅಂಗಡಿಯಲ್ಲಿ ಟಿವಿ ಅಗ್ಗ ಅನ್ನೋ ಮಾತಿಗೆ ಇಳಿದರು. ನನಗೆ ಎರಡೂ ಸರಿ ಅನ್ನಿಸಲಿಲ್ಲ. ಸ್ವಲ್ಪ ಉದ್ದ ಬರೀತಿದ್ದೀನಿ, ಕಾಫಿ ಇಟ್ಟುಕೊಂಡು ಓದಿ.

ನಾನು ನ್ಯೂಜೆರ್ಸಿಗೆ ಬಂದು ಹದಿನಾಲ್ಕು ವರ್ಷ. ಮೊದಲ ಐದಾರು ವರ್ಷ ಇಲ್ಲಿನ ರಜೆ ಅಂದರೆ ನನಗೆ ಲಾಂಗ್ ವೀಕೆಂಡ್, ಅಷ್ಟೇ. ನಯಾಗರಾ, ಪಿಟ್ಸ್‌ಬರ್ಗ್ ದೇವಸ್ಥಾನ, ಊರಿಂದ ಬಂದವರನ್ನು ವಾಷಿಂಗ್ಟನ್ ತೋರಿಸೋದು. ಮಗ ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ಕಷ್ಟ ಬಂತು. ಒಂದು ಅಕ್ಟೋಬರ್‌ನಲ್ಲಿ ಬಂದು ಕೇಳಿದ, "ಅಪ್ಪಾ, ಇಲ್ಲಿ ಮೊದಲು ಬರೀ ಇಂಡಿಯನ್ಸ್ ಇದ್ರಂತೆ, ನಮ್ಮ ಅಜ್ಜಿನೂ ಇದ್ರಾ?"

ನಕ್ಕುಬಿಟ್ಟೆ. ಆಮೇಲೆ ಕೂತು ಹೇಳಬೇಕಾಯಿತು. ಕೊಲಂಬಸ್ ಹೊರಟಿದ್ದು ನಮ್ಮ ಕಡೆಗೆ, 1492ರಲ್ಲಿ ಬಂದು ಮುಟ್ಟಿದ್ದು ಬಹಾಮಾಸ್ ದ್ವೀಪಗಳನ್ನು, ಅಲ್ಲಿದ್ದವರನ್ನು ಇಂಡಿಯನ್ಸ್ ಅಂದ, ಆ ಹೆಸರು ಹಾಗೇ ಅಂಟಿಕೊಂಡಿತು. ಈಗಿನ ಅಮೆರಿಕದ ಮುಖ್ಯ ನೆಲದ ಮೇಲೆ ಅವನು ಕಾಲೇ ಇಟ್ಟಿಲ್ಲ. ಹಾಗಾದರೆ ಅಕ್ಟೋಬರ್‌ನ ಎರಡನೇ ಸೋಮವಾರ ಅವನ ಹೆಸರಲ್ಲಿ ರಜೆ ಯಾಕೆ? ನಾನೂ ಆಗಲೇ ಹುಡುಕಿ ಓದಿದ್ದು. 1891ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಜನರ ಗುಂಪು ಜೈಲಿಗೆ ನುಗ್ಗಿ ಇಟಲಿ ಮೂಲದ 11 ಜನರನ್ನು ಕೊಂದು ಹಾಕಿತು. ಮರುವರ್ಷ ಕೊಲಂಬಸ್ ಬಂದು 400 ವರ್ಷ ಆಯಿತು ಅಂತ ಅಧ್ಯಕ್ಷ ಹ್ಯಾರಿಸನ್ ದೇಶವಿಡೀ ಆಚರಿಸಲು ಹೇಳಿದರು. ವಲಸೆ ಬಂದು ಬೈಗುಳ ತಿಂತಿದ್ದ ಇಟಾಲಿಯನ್ನರಿಗೆ "ನಾವೂ ಇಲ್ಲಿಯವರೇ" ಅನ್ನೋಕೆ ಅದೊಂದು ದಿನ ಸಿಕ್ಕಿತು. ಮೂಲ ನಿವಾಸಿಗಳಿಗೆ ಮಾತ್ರ ಅದು ನೆಲ ಕಳೆದುಕೊಂಡ ಕತೆಯ ಶುರು. 1990ರಲ್ಲಿ ಸೌತ್ ಡಕೋಟಾ ಆ ರಜೆಯ ಹೆಸರನ್ನು ನೇಟಿವ್ ಅಮೆರಿಕನ್ ಡೇ ಅಂತ ಬದಲಾಯಿಸಿತು, 1992ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರು ಇಂಡಿಜಿನಸ್ ಪೀಪಲ್ಸ್ ಡೇ (ಮೂಲ ನಿವಾಸಿಗಳ ದಿನ) ಅಂದಿತು. ಒಂದೇ ಸೋಮವಾರ, ಇಬ್ಬರ ಪಟ್ಟು.

ನಮ್ಮಲ್ಲಿ ಹಬ್ಬ ಯಾವತ್ತು ಅಂತ ಪಂಚಾಂಗ ನೋಡ್ತೀವಿ. ಇಲ್ಲಿ ಹೆಚ್ಚಿನ ರಜೆಗಳ ಹಿಂದೆ ಯಾರೋ ಜಗಳ ಆಡಿದ್ದಾರೆ, ಅರ್ಜಿ ಬರೆದಿದ್ದಾರೆ, ಸತ್ತೂ ಇದ್ದಾರೆ. ಮಕ್ಕಳಿಗೆ ಹೇಳಬೇಕಾದ್ದು ಆ ಜಗಳದ ಕತೆ ಅನ್ನೋದು ನನ್ನ ವಾದ. ಪೇಪರ್ ಟೋಪಿ ಹಾಕಿಕೊಂಡು ಫೋಟೋ ತೆಗೆಸೋದು ಸ್ಕೂಲಿನವರು ಹೇಗೂ ಮಾಡಿಸುತ್ತಾರೆ.

ಈಗ ಥ್ಯಾಂಕ್ಸ್‌ಗಿವಿಂಗ್. 1620ರಲ್ಲಿ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ 102 ಜನ ಬಂದರು, ಮೊದಲ ಚಳಿಗಾಲದಲ್ಲೇ ಹೆಚ್ಚುಕಡಿಮೆ ಅರ್ಧ ಜನ ಸತ್ತರು. ಉಳಿದವರಿಗೆ ಮೆಕ್ಕೆಜೋಳ ಬೆಳೆಯೋದು ಹೇಗೆ ಅಂತ ತೋರಿಸಿಕೊಟ್ಟವರು ಇಲ್ಲಿಯ ಮೂಲ ನಿವಾಸಿಗಳೇ. 1621ರಲ್ಲಿ ಬೆಳೆ ಕೈಗೆ ಬಂದಾಗ ಈಗಿನ ಮ್ಯಾಸಚೂಸೆಟ್ಸ್ ರಾಜ್ಯದ ಪ್ಲಿಮತ್‌ನಲ್ಲಿ ಮೂರು ದಿನ ಊಟ ನಡೀತು. ಇಂಗ್ಲಿಷರು ಐವತ್ತು ಜನ ಇದ್ದರೆ, ಅಲ್ಲಿನ ಮೂಲ ನಿವಾಸಿಗಳಾದ ವಾಂಪನೋಗ್ ಜನರ ನಾಯಕ ಮ್ಯಾಸಸಾಯಿಟ್ ಜೊತೆ ಬಂದವರು ತೊಂಬತ್ತು ಜನ, ಐದು ಜಿಂಕೆ ಹೊಡೆದು ತಂದುಕೊಟ್ಟರು. ನಮ್ಮ ಸುಗ್ಗಿ ಊಟದ ಹಾಗೇ ಅಲ್ವಾ? ಆಗ ಅಲ್ಲಿದ್ದವರೊಬ್ಬರು ಬರೆದ ಕಾಗದದಲ್ಲಿ ಬೇಟೆಯಾಡಿ ತಂದ ಹಕ್ಕಿಗಳು ಅಂತಿದೆಯೇ ಹೊರತು ಟರ್ಕಿ ಅಂತ ಹೆಸರಿಲ್ಲ. ಆದ್ದರಿಂದ ಟರ್ಕಿ ಇಲ್ಲದೆ ಹಬ್ಬ ಕೆಡಲ್ಲ, ಧೈರ್ಯವಾಗಿ ಬರೆಸಿ. (ನಡುವೆ ಒಂದು ತಮಾಷೆ: ಈ ಕೋಳಿಗೆ ಇಂಗ್ಲಿಷರು ಟರ್ಕಿ ದೇಶದ ಹೆಸರಿಟ್ಟರು, ಟರ್ಕಿಯವರು ತಮ್ಮ ಭಾಷೆಯಲ್ಲಿ ಅದನ್ನ "ಹಿಂದಿ" ಅಂತಾರೆ, ಭಾರತದ್ದು ಅನ್ನೋ ಅರ್ಥದಲ್ಲಿ. ಕನ್ನಡ ಗುಂಪಿನಲ್ಲಿ ಇದಕ್ಕಿಂತ ಜಾಸ್ತಿ ನಾನೇನೂ ಹೇಳಲ್ಲ.)

ಆ ಊಟ ಮರುವರ್ಷದಿಂದಲೇ ಹಬ್ಬ ಆಗಲಿಲ್ಲ. ಒಂದು ಪತ್ರಿಕೆಯ ಸಂಪಾದಕಿ ಸಾರಾ ಹೇಲ್ ಅನ್ನೋರು ಒಬ್ಬರಾದ ಮೇಲೆ ಒಬ್ಬ ಅಧ್ಯಕ್ಷರಿಗೆ ವರ್ಷಗಟ್ಟಲೆ ಕಾಗದ ಬರೆದರು, ದೇಶಕ್ಕೆಲ್ಲ ಒಂದೇ ದಿನ ಮಾಡಿ ಅಂತ. ಕೊನೆಗೆ ಲಿಂಕನ್ ಒಪ್ಪಿದ್ದು 1863ರಲ್ಲಿ, ಅಂತರ್ಯುದ್ಧದಲ್ಲಿ ಈ ದೇಶದ ಉತ್ತರ ದಕ್ಷಿಣದವರು ಹೊಡೆದಾಡಿ ಸಾಯ್ತಿದ್ದ ಹೊತ್ತಿನಲ್ಲಿ. ನವೆಂಬರ್‌ನ ಕೊನೇ ಗುರುವಾರ ಅಂತಾಯಿತು. 1939ರಲ್ಲಿ ಆ ಗುರುವಾರ 30ನೇ ತಾರೀಕಿಗೆ ಬಿತ್ತು. ಕ್ರಿಸ್‌ಮಸ್ ವ್ಯಾಪಾರಕ್ಕೆ ದಿನ ಸಾಲಲ್ಲ ಅಂತ ಅಂಗಡಿಯವರು ಗೋಳಾಡಿದರು, ರೂಸ್‌ವೆಲ್ಟ್ ಒಂದು ವಾರ ಹಿಂದಕ್ಕೆ ತಂದರು. ಅರ್ಧ ರಾಜ್ಯಗಳು ಕೇಳಿದವು, ಅರ್ಧ ಕೇಳಲಿಲ್ಲ, ಟೆಕ್ಸಾಸ್ ಎರಡೂ ದಿನ ರಜೆ ಮಾಡಿತು. ನಮ್ಮಲ್ಲಿ ಸ್ಮಾರ್ತರಿಗೊಂದು, ವೈಷ್ಣವರಿಗೊಂದು ಕೃಷ್ಣಾಷ್ಟಮಿ ಬರುತ್ತಲ್ಲ, ಹಾಗೆ! 1941ರಲ್ಲಿ ಕಾನೂನು ಮಾಡಿ ನಾಲ್ಕನೇ ಗುರುವಾರ ಅಂತ ಗಟ್ಟಿ ಮಾಡಿದರು.

ಇನ್ನೊಂದು ವಿಷಯ ಎರಡನೇ ಕ್ಲಾಸಿಗೆ ಬೇಡ, ಆರನೇ ಕ್ಲಾಸಿಗೆ ಬೇಕು. 1970ರಿಂದ ಅದೇ ಪ್ಲಿಮತ್‌ನಲ್ಲಿ ಅದೇ ಗುರುವಾರ ಮೂಲ ನಿವಾಸಿಗಳು ಸೇರಿ ಶೋಕದ ದಿನ ಆಚರಿಸುತ್ತಾರೆ. ಊಟಕ್ಕೆ ಕೂತವರ ಮಕ್ಕಳ ಕಾಲಕ್ಕೇ ಎರಡೂ ಕಡೆಯವರಿಗೆ ದೊಡ್ಡ ಯುದ್ಧ ಆಗಿ ವಾಂಪನೋಗ್ ಜನ ನಾಶವಾಗುವಷ್ಟು ಸೊರಗಿದರು. ನನ್ನ ಮಗನಿಗೆ ಹೇಳಿದಾಗ ಸುಮ್ನೆ ತಟ್ಟೆ ನೋಡ್ತಾ ಕೂತಿದ್ದ.

ಲೇಬರ್ ಡೇ, ಅಂದರೆ ಇಲ್ಲಿಯ ಕಾರ್ಮಿಕರ ದಿನದ ಬಗ್ಗೆ ಹೇಳದೆ ಇರೋಕಾಗಲ್ಲ. ನಮ್ಮಪ್ಪ ಫ್ಯಾಕ್ಟರಿಯಲ್ಲಿದ್ದವರು. ಇಲ್ಲಿಗೆ ಬಂದಿದ್ದಾಗ ಮೇ 1ರ ಬೆಳಿಗ್ಗೆ ನಾನು ಲ್ಯಾಪ್‌ಟಾಪ್ ತೆಗೆದಿದ್ದು ನೋಡಿ, "ಇವತ್ತೂ ಕೆಲಸಾನಾ? ಊರಲ್ಲಿ ರಜಾ ಕಣೋ" ಅಂದರು. ಮೇ 1 ಹುಟ್ಟಿದ್ದೇ ಈ ದೇಶದಲ್ಲಿ. 1886ರಲ್ಲಿ ಎಂಟು ಗಂಟೆ ಕೆಲಸ ಸಾಕು ಅಂತ ಇಲ್ಲಿಯ ಕಾರ್ಮಿಕರು ಮುಷ್ಕರ ಹೂಡಿದರು, ನಾಲ್ಕನೇ ತಾರೀಕು ಶಿಕಾಗೋದ ಹೇಮಾರ್ಕೆಟ್‌ನಲ್ಲಿ ಬಾಂಬು ಬಿತ್ತು, ಗುಂಡು ಹಾರಿತು, ಆಮೇಲೆ ಕೆಲವರಿಗೆ ಗಲ್ಲಾಯಿತು. ಆ ನೆನಪಿಗೆ ಬೆಂಗಳೂರಿನಲ್ಲಿ ರಜೆ, ಶಿಕಾಗೋದಲ್ಲಿ ಇಲ್ಲ. ಇಲ್ಲಿಯ ಸರ್ಕಾರ ಆರಿಸಿಕೊಂಡಿದ್ದು ಸೆಪ್ಟೆಂಬರ್ ಸೋಮವಾರ, ನ್ಯೂಯಾರ್ಕ್‌ನಲ್ಲಿ 1882ರಿಂದ ಕಾರ್ಮಿಕರು ಮೆರವಣಿಗೆ ಮಾಡ್ತಿದ್ದ ಸಮಯ. 1894ರಲ್ಲಿ ರೈಲು ಕಾರ್ಮಿಕರ ದೊಡ್ಡ ಮುಷ್ಕರ ನಡೀತಿರುವಾಗಲೇ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಆ ರಜೆಯ ಕಾನೂನಿಗೆ ಸಹಿ ಹಾಕಿದರು, ಕೆಲವೇ ದಿನಕ್ಕೆ ಆ ಮುಷ್ಕರ ಮುರಿಯೋಕೆ ಸೈನ್ಯನೂ ಕಳಿಸಿದರು. ಅಪ್ಪ ಪೂರ್ತಿ ಕೇಳಿ "ಎಲ್ಲಾ ಕಡೆ ಮ್ಯಾನೇಜ್‌ಮೆಂಟ್ ಒಂದೇ" ಅಂದು ಪೇಪರ್ ಓದಲು ಹೋದರು.

ಉಳಿದವು ಬೇಗ ಹೇಳ್ತೀನಿ. ಪ್ರೆಸಿಡೆಂಟ್ಸ್ ಡೇ ಅಂತ ಎಲ್ಲರೂ ಅನ್ನೋದು ಕೇಂದ್ರದ ಕಾನೂನಿನಲ್ಲಿ ಈಗಲೂ ವಾಷಿಂಗ್ಟನ್ ಹುಟ್ಟುಹಬ್ಬ. 1971ರಿಂದ ಮೂರನೇ ಸೋಮವಾರಕ್ಕೆ ಹಾಕಿದ್ದರಿಂದ ಅದು ಅವರು ಹುಟ್ಟಿದ ಫೆಬ್ರವರಿ 22ಕ್ಕೆ ಯಾವತ್ತೂ ಬರೋದೇ ಇಲ್ಲ, ಕ್ಯಾಲೆಂಡರ್ ನೋಡಿ ಬೇಕಾದರೆ. ಮಾರ್ಟಿನ್ ಲೂಥರ್ ಕಿಂಗ್ ದಿನಕ್ಕೆ 1983ರಲ್ಲಿ ಸಹಿ ಬಿತ್ತು, ಎಲ್ಲ ಐವತ್ತು ರಾಜ್ಯಗಳು ಒಪ್ಪೋಕೆ 2000ದವರೆಗೆ ಹಿಡೀತು. ಗುಲಾಮರ ಬಿಡುಗಡೆಯ ನೆನಪಿನ ಜೂನ್‌ಟೀನ್ತ್ (ಜೂನ್ 19) ದೇಶಕ್ಕೆಲ್ಲ ರಜೆ ಆಗಿದ್ದು 2021ರಲ್ಲಿ, ನಮ್ಮಲ್ಲಿ ಎಷ್ಟೋ ಮಕ್ಕಳಿಗಿಂತ ಚಿಕ್ಕದು.

"ನಮ್ಮ ಹಬ್ಬ ಅಲ್ಲ" ಅಂದವರಿಗೆ ಒಂದು ಮಾತು. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗೆ ದೀಪಾವಳಿ ರಜೆ ಸುಮ್ನೆ ಬರಲಿಲ್ಲ. ನಮ್ಮ ಕಡೆಯವರು ವರ್ಷಗಟ್ಟಲೆ ಕೇಳಿ ಕೇಳಿ 2023ರಲ್ಲಿ ಕಾನೂನು ಆಯಿತು. ಮರುವರ್ಷ ಆ ರಜೆ ಬಿದ್ದಿದ್ದು ನವೆಂಬರ್ 1ಕ್ಕೆ. ರಾಜ್ಯೋತ್ಸವದ ದಿನ ನ್ಯೂಯಾರ್ಕಿನ ಶಾಲೆಗಳಿಗೆಲ್ಲ ರಜೆ! ಅವತ್ತು ನಾವಿಲ್ಲಿ ಜೆರ್ಸಿಯಲ್ಲಿ ಹೊಟ್ಟೆಕಿಚ್ಚು ಪಟ್ಟಿದ್ದು ನಿಜ.

ಮತ್ತೆ ಹೋಮ್‌ವರ್ಕಿಗೆ. ನಮ್ಮ ಮನೆಯಲ್ಲಿ ಆ ಗುರುವಾರ ಸಿಹಿಗುಂಬಳದ ಹುಳಿ, ಮೆಕ್ಕೆಜೋಳದ ಕೋಸಂಬರಿ, ಗೆಣಸಿನ ಪಲ್ಯ, ಕ್ರ್ಯಾನ್‌ಬೆರಿ ಅನ್ನೋ ಹುಳಿ ಹಣ್ಣಿನ ಗೊಜ್ಜು ಮಾಡ್ತೀವಿ. ಸಿಹಿಗುಂಬಳ, ಮೆಕ್ಕೆಜೋಳ, ಗೆಣಸು, ಹುಳಿಪುಡಿಯ ಒಣಮೆಣಸಿನಕಾಯಿ, ಎಲ್ಲವನ್ನೂ ಮೊದಲು ಬೆಳೆದಿದ್ದು ಉತ್ತರ, ದಕ್ಷಿಣ ಅಮೆರಿಕ ಖಂಡಗಳ ಜನ, ನಮಗೆ ಸಿಕ್ಕಿದ್ದು ಕೊಲಂಬಸ್ ಆದ ಮೇಲೆ. ಮಗಳ ಹತ್ತಿರ ಅದನ್ನೇ ಬರೆಸಿ, ಟೀಚರ್‌ಗೂ ಹೊಸದು. ಗೊಜ್ಜಿಗೆ ಹುಣಸೆಹಣ್ಣು ಬೇಡ, ಹಣ್ಣೇ ಹುಳಿ. ಬೆಲ್ಲ ಮಾತ್ರ ನಿಮಗೆ ಅನ್ನಿಸಿದ್ದಕ್ಕಿಂತ ಒಂದು ಹಿಡಿ ಜಾಸ್ತಿ ಹಾಕಿ, ಬಾಣಲೆಗೆ ಮುಚ್ಚಳ ಮುಚ್ಚಿ, ಹಣ್ಣು ಪಟಪಟ ಸಿಡಿಯುತ್ತೆ.