ಮನೆ ವೈಫೈನಲ್ಲಿ ಸ್ನೋಫ್ಲೇಕ್ ಪ್ರಾಕ್ಸಿ: ರೂಟರ್‌ನಲ್ಲಿ ಏನು ಬದಲಿಸಬೇಕು?

ಪ್ರಶ್ನೆ (ವಿದ್ಯಾರ್ಥಿ, ನವನಗರ, ಬಾಗಲಕೋಟೆ): ಅಕ್ಕಾ ನಮಸ್ಕಾರ. ಇರಾನ್, ರಷ್ಯಾದಂಥ ಕಡೆ ಟಾರ್ (ಗುರುತು ಮರೆಸಿ ಇಂಟರ್‌ನೆಟ್ ಬಳಸುವ ಜಾಲ) ಬ್ಲಾಕ್ ಆದವರಿಗೆ ದಾರಿ ಕೊಡಲು ಹಳೇ ಲ್ಯಾಪ್‌ಟಾಪ್‌ನಲ್ಲಿ ಸ್ನೋಫ್ಲೇಕ್ ಹಾಕಿದ್ದೇನೆ, ಅವರ ಸಂಪರ್ಕವನ್ನು ನಮ್ಮ ಮನೆಯ ಮೂಲಕ ದಾಟಿಸುವ ತಂತ್ರಾಂಶ ಅದು. ಲಿನಕ್ಸ್ ಇದೆ, ಬ್ರೌಸರ್ ಇಲ್ಲದೆ ನಡೆಯುವ ಪ್ರಾಕ್ಸಿ. ಲಾಗ್‌ನಲ್ಲಿ ನ್ಯಾಟ್ (ಮನೆಯ ಸಾಧನಗಳೆಲ್ಲ ಹೊರಗಿನ ಒಂದೇ ಐಪಿ, ಅಂದರೆ ಇಂಟರ್‌ನೆಟ್ ವಿಳಾಸ, ಹಂಚಿಕೊಳ್ಳುವ ವ್ಯವಸ್ಥೆ) ಟೈಪ್ 'ರಿಸ್ಟ್ರಿಕ್ಟೆಡ್' ಅಂತ ಬರುತ್ತಿದೆ. ಒಂದು ವಿಡಿಯೊ ನೋಡಿ ರೂಟರ್‌ನಲ್ಲಿ ಡಿಎಂಝಡ್ ಆನ್ ಮಾಡಿದೆ. ಆದರೂ ಹಾಗೇ ಇದೆ. ಯಾವ ಪೋರ್ಟ್, ಅಂದರೆ ಹೊರಗಿನಿಂದ ಬರುವ ಸಂಪರ್ಕಕ್ಕೆ ಯಾವ ಬಾಗಿಲು, ತೆರೆಯಬೇಕು?

ಉತ್ತರ (ನೆಟ್‌ವರ್ಕ್ ಎಂಜಿನಿಯರ್, ಬೆಳಗಾವಿ): ತಮ್ಮಾ, ಮೊದಲು ಆ ಡಿಎಂಝಡ್ ಆಫ್ ಮಾಡು. ಹೊರಗಿನಿಂದ ಬರುವುದನ್ನೆಲ್ಲ ಅದು ನಿನ್ನ ಲ್ಯಾಪ್‌ಟಾಪ್‌ಗೇ ತಂದು ಬಿಡುತ್ತದೆ. ಈ ಕೆಲಸಕ್ಕೆ ಅದು ಬೇಡವೇ ಬೇಡ.

ಸ್ನೋಫ್ಲೇಕ್‌ಗೆ ಪೋರ್ಟ್ ತೆರೆಯಲೇಬೇಕು ಅಂತಿಲ್ಲ. ವಿಡಿಯೊ ಕಾಲ್‌ಗೆ ಬಳಸುವ ವೆಬ್‌ಆರ್‌ಟಿಸಿ ಮೇಲೇ ಇದೂ ನಡೆಯುತ್ತದೆ, ಹಾಗಾಗಿ ನ್ಯಾಟ್ ಹಿಂದೆ ಕೂತೇ ಸಂಪರ್ಕ ಮಾಡಿಕೊಳ್ಳುತ್ತದೆ. ರಿಸ್ಟ್ರಿಕ್ಟೆಡ್ ಅಂದರೆ ಕೆಟ್ಟಿದೆ ಅಂತಲ್ಲ. ಟಾರ್ ಬಳಸುವವರ ನ್ಯಾಟ್ ಸಡಿಲ ಇದ್ದರೆ ಮಾತ್ರ ಸ್ನೋಫ್ಲೇಕ್ ಅವರನ್ನು ನಿನ್ನ ಜೊತೆ ಜೋಡಿ ಮಾಡುತ್ತದೆ, ಅಷ್ಟೇ.

ಈಗ ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್‌ನೆಟ್ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ) ನೋಡು. 100.64ರಿಂದ 100.127ರ ಒಳಗೆ ಶುರುವಾಗುತ್ತದೆಯಾ? ಹಾಗಿದ್ದರೆ ಸಿಜಿನ್ಯಾಟ್. ಒಂದೇ ಪಬ್ಲಿಕ್ ಐಪಿಯನ್ನು ಕಂಪನಿ ಎಷ್ಟೋ ಮನೆಗಳಿಗೆ ಹಂಚಿರುತ್ತದೆ. ಆಗ ನಿನ್ನ ರೂಟರ್‌ನಲ್ಲಿ ಏನು ತೆರೆದರೂ ಸುಮ್ನೆ, ತಡೆ ಇರುವುದು ಕಂಪನಿಯವರ ಕಡೆ. ವ್ಯಾನ್ ಐಪಿಯೂ, 'ನನ್ನ ಐಪಿ' ಅಂತ ವೆಬ್‌ಸೈಟ್ ತೋರಿಸುವುದೂ ಒಂದೇ ಇದ್ದರೆ ಮಾತ್ರ ಮುಂದಿನದು ಮಾಡು.

ಲ್ಯಾಪ್‌ಟಾಪ್‌ಗೆ ಡಿಎಚ್‌ಸಿಪಿ ರಿಸರ್ವೇಶನ್ ಕೊಡು, ಒಳಗಿನ ಐಪಿ ಬದಲಾಗಬಾರದು. ರೂಟರ್‌ನಲ್ಲಿ ಯುಡಿಪಿ ಬಗೆಯ 50000ದಿಂದ 50500ರವರೆಗಿನ ಪೋರ್ಟ್‌ಗಳನ್ನು ಅದಕ್ಕೆ ಫಾರ್ವರ್ಡ್ ಮಾಡು. ಟಿಸಿಪಿ ಬೇಡ. ಪ್ರಾಕ್ಸಿ ಶುರು ಮಾಡುವಾಗ ಎಫೆಮೆರಲ್ ಪೋರ್ಟ್ಸ್ ರೇಂಜ್ ಆಯ್ಕೆಯಲ್ಲೂ ಅದೇ 50000:50500 ಕೊಡಬೇಕು. ಇಲ್ಲದಿದ್ದರೆ ಅದು ಬೇರೆ ಪೋರ್ಟ್ ಹಿಡಿಯುತ್ತದೆ, ನೀನು ತೆರೆದದ್ದು ಖಾಲಿ ಬಿದ್ದಿರುತ್ತದೆ. ಲ್ಯಾಪ್‌ಟಾಪ್‌ನ ಫೈರ್‌ವಾಲ್‌ನಲ್ಲೂ ಅಷ್ಟಕ್ಕೇ ಅನುಮತಿ ಇರಲಿ. ಪ್ರಾಕ್ಸಿ ಡಾಕರ್‌ನಲ್ಲಿದ್ದರೆ (ಪ್ರೋಗ್ರಾಂ ಅನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು ನಡೆಸುವ ತಂತ್ರಾಂಶ) ಹೋಸ್ಟ್ ನೆಟ್‌ವರ್ಕ್ ಇಟ್ಟುಕೋ.

ಮನೆಯಲ್ಲಿ ಬೇರೆಯವರ ವಿಡಿಯೊ ಕಾಲ್ ತಡವರಿಸಿದರೆ ಕೆಪ್ಯಾಸಿಟಿ ಆಯ್ಕೆಯಲ್ಲಿ 5 ಅಥವಾ 10 ಹಾಕು. ಒಮ್ಮೆಗೆ ಅಷ್ಟೇ ಜನ ಬರುತ್ತಾರೆ. ಪ್ಲ್ಯಾನ್‌ನ ಡೇಟಾ ಮಿತಿಯನ್ನೂ ನೋಡಿಕೋ.

ಪ್ರಶ್ನೆ (ಗುಂಪಿನ ಹಿರಿಯರು, ವಿಜಯಪುರ): ಮೇಡಂ, ಇದರ ಮೂಲಕ ಯಾರೋ ಏನೋ ನೋಡಿದರೆ ನಮ್ಮ ಮನೆ ಐಪಿ ಸಿಕ್ಕಿಬೀಳುವುದಿಲ್ಲವೇ?

ಉತ್ತರ: ಒಳ್ಳೆಯ ಪ್ರಶ್ನೆ ಸರ್. ಎಲ್ಲರೂ ಹೆದರುವುದು ಇಲ್ಲೇ. ಬಳಸುವವರ ಮಾಹಿತಿ ನಿಮ್ಮ ಮನೆಯಿಂದ ಟಾರ್ ಬ್ರಿಜ್‌ಗೆ (ಟಾರ್ ಜಾಲದೊಳಗೆ ಹೋಗುವ ಸರ್ವರ್) ಹೋಗುತ್ತದೆ, ಅಲ್ಲಿಂದ ರಿಲೇಗಳನ್ನು (ಮಾಹಿತಿ ದಾಟಿಸುವ ಸರ್ವರ್‌ಗಳು) ದಾಟಿ ಕೊನೆಯ ಎಕ್ಸಿಟ್ ರಿಲೇಯಿಂದ ಹೊರಬೀಳುತ್ತದೆ. ವೆಬ್‌ಸೈಟ್‌ಗೆ ಕಾಣುವುದು ಆ ಎಕ್ಸಿಟ್‌ನ ಐಪಿ, ನಿಮ್ಮದಲ್ಲ. ಒಳಗಿನದು ಎನ್‌ಕ್ರಿಪ್ಟ್ ಆಗಿರುವುದರಿಂದ ನೀವೂ ಓದಲಾರಿರಿ. ಆದರೆ ನಿಮ್ಮ ಐಪಿ ಬಳಸುವವರ ಕಡೆಗೂ ಬ್ರಿಜ್‌ಗೂ ಗೊತ್ತಾಗುತ್ತದೆ, ಇದನ್ನು ತಿಳಿದೇ ಹಾಕಬೇಕು. ಕಂಪನಿಯ ಷರತ್ತುಗಳನ್ನೂ ಒಮ್ಮೆ ಓದಿ. ಮನೆಯಿಂದ ಎಕ್ಸಿಟ್ ರಿಲೇ ಮಾತ್ರ ನಡೆಸಬೇಡಿ. ಅದರಲ್ಲಿ ಎಲ್ಲರ ಕೆಲಸವೂ ನಿಮ್ಮ ಐಪಿ ಹೆಸರಿಗೇ ಬರುತ್ತದೆ.

ಇಷ್ಟು ಮಾಡಿ ಏನು ಲಾಭ ಅಂತ ಕೇಳುವವರೂ ಇದ್ದಾರೆ. 2021ರ ಡಿಸೆಂಬರ್‌ನಲ್ಲಿ ರಷ್ಯಾ ಟಾರ್ ತಡೆಯಿತು, 2022ರ ಪ್ರತಿಭಟನೆಗಳ ಹೊತ್ತಿಗೆ ಇರಾನ್‌ನಲ್ಲಿ ತಡೆ ಬಿಗಿಯಾಯಿತು. ಎರಡು ಕಡೆಯೂ ಜನ ಸ್ನೋಫ್ಲೇಕ್ ಹಿಡಿದರು. ಸಾವಿರಾರು ಮನೆಗಳ ಐಪಿ ದಿನಾ ಬದಲಾಗುತ್ತಿದ್ದರೆ ಪಟ್ಟಿ ಮಾಡಿ ತಡೆಯುವುದು ಕಷ್ಟ, ಅಲ್ವಾ? ಅದಕ್ಕೇ ನನಗೆ ಇದು ಮಾಡಲೇಬೇಕಾದ ಕೆಲಸ ಅನ್ನಿಸುತ್ತದೆ. ಇಂಟರ್‌ನೆಟ್ಟನ್ನೇ ಪೂರ್ತಿ ಬಂದ್ ಮಾಡಿದ ಊರಿಗೆ ಮಾತ್ರ ಇದರಿಂದ ಉಪಯೋಗವಿಲ್ಲ.

ವಿದ್ಯಾರ್ಥಿ: ಅಕ್ಕಾ, ನನ್ನ ವ್ಯಾನ್ ಐಪಿ 100.72ರಿಂದ ಶುರು.

ಉತ್ತರ: ಸಿಜಿನ್ಯಾಟ್ ಅದು. ಪೋರ್ಟ್ ನಿಯಮ ಹಾಕಿದ್ದರೆ ಅಳಿಸು, ಪ್ರಾಕ್ಸಿ ಇದ್ದ ಹಾಗೇ ನಡೆಯಲಿ. ಸ್ಟ್ಯಾಟಿಕ್ ಐಪಿಗೆ (ಬದಲಾಗದ ವಿಳಾಸಕ್ಕೆ) ದುಡ್ಡು ಕೊಡುವುದು ಬೇಡ. ಲ್ಯಾಪ್‌ಟಾಪ್ ಗೆಸ್ಟ್ ನೆಟ್‌ವರ್ಕ್‌ನಲ್ಲಿರಲಿ. ಡಿಎಂಝಡ್ ಆಫ್ ಆದದ್ದು ಸೇವ್ ಆಗಿದೆಯಾ ಅಂತ ರೂಟರ್ ರೀಸ್ಟಾರ್ಟ್ ಮಾಡಿ ನೋಡು.